ಒಂದು ಬೋಲ್ಟಿನ ತಲೆ ಹಾರಿದೆ, ಇನ್ನೊಂದು ರೌಂಡ್ ಆಗಿದೆ: ಕೇಸಿಂಗೇ ಬದಲಾಯಿಸೂದಾ?

ಪ್ರಶ್ನೆ: ಸರ್, ನಂದು ಹಳೇ 100 ಸಿಸಿ ಬೈಕು, ಮನೆ ಕಾರವಾರ ಕೋಡಿಬಾಗ, ಸಮುದ್ರಕ್ಕೆ ಹತ್ರ. ಆಯಿಲ್ ಚೇಂಜ್ ಯಾವಾಗ್ಲೂ ನಾನೇ ಮಾಡೂದು. ಈ ಸಲ ಒಳಗಿನ ಆಯಿಲ್ ಫಿಲ್ಟರ್ ಕ್ಲೀನ್ ಮಾಡ್ವಾ ಅಂತ ಬಲಗಡೆ ಕ್ಲಚ್ ಕವರ್ ಬಿಚ್ಚೂಕೆ ಹೋದೆ. ಒಂದು ಬೋಲ್ಟಿನ ತಲೆ ರೌಂಡ್ ಆಯ್ತು, ಇನ್ನೊಂದ್ರದ್ದು ಟಕ್ ಅಂತ ತಲೆನೇ ಹಾರೋಯ್ತು. ಹೆದರಿ ಅಲ್ಲಿಗೇ ಬಿಟ್ಟು ಡ್ರೇನ್ ಬೋಲ್ಟ್ ವಾಪಸ್ ಹಾಕೂಕೆ ಹೋದ್ರೆ ಅದೂ ಟೈಟ್ ಆಗ್ದೆ ಸುಮ್ನೆ ತಿರುಗ್ತಾ ಇದೆ. ಗ್ಯಾರೇಜಿನವ ಬಂದು ನೋಡಿ ಕೇಸಿಂಗ್ ಬದಲಾಯಿಸ್ಬೇಕು ಅಂದ. ನಿಜವಾ? ಮತ್ತೆ ಎಲ್ಲಾ ಬೋಲ್ಟು ಸ್ಟೇನ್‌ಲೆಸ್ ಸ್ಟೀಲಿಂದು ಹಾಕ್ಬಿಟ್ರೆ ಮುಂದೆ ಈ ರಗಳೆ ಇರೂದಿಲ್ವಾ?

ಉತ್ತರ: ಕೇಸಿಂಗ್, ಅಂದ್ರೆ ಎಂಜಿನ್ನಿನ ಹೊರಮೈ, ಬದಲಾಯಿಸೂ ಮಾತು ಇವತ್ತಿಗೆ ಬೇಡ. ನೀವು ಬರ್ದಿದ್ದು ನೋಡಿದ್ರೆ ಮೂರು ಬೋಲ್ಟು ಮೂರು ಥರ ಹಾಳಾಗಿದೆ, ಮತ್ತೆ ತಮಾಷೆ ಎಂತದು ಅಂದ್ರೆ ನಿಮ್ಮನ್ನ ಹೆದರಿಸಿದ ಆ ತಲೆ ಹಾರಿದ ಬೋಲ್ಟೇ ಮೂರರಲ್ಲಿ ಸುಲಭದ್ದು, ಅದಕ್ಕಿಂತ ಸ್ವಲ್ಪ ಕಷ್ಟದ್ದು ರೌಂಡ್ ಆಗಿದ್ದು, ನೀವು ಕಡೆಗೆ ಒಂದು ಸಾಲಲ್ಲಿ ಬರ್ದು ಮುಗಿಸಿದ ಡ್ರೇನ್ ಬೋಲ್ಟೇ ನಿಜವಾದ ಕೆಲಸ. ಹೆದರಿ ಅಲ್ಲಿಗೇ ಬಿಟ್ರಲ್ಲ, ಅದು ಮಾತ್ರ ಒಳ್ಳೇದಾಯ್ತು. ಹೆಚ್ಚಿನವ್ರು ಮೊದಲ ಸಲ ಪಾನಾ ಜಾರಿದಾಗ ನಿಲ್ಲಿಸೂದಿಲ್ಲ, ಅದೇ ಪಾನಾದಲ್ಲಿ ಇನ್ನೂ ಜೋರು ಹಾಕಿ ಮತ್ತೊಂದು ಸಲ, ಮಗದೊಂದು ಸಲ ತಿರುಗಿಸಿ ಆರು ಮೂಲೆನೂ ತೆಗೆದು ಆಮೇಲೆ ನಮ್ಮ ಹತ್ರ ತರ್ತಾರೆ. ಬೋಲ್ಟ್ ಒಂದೇ ಒಂದು ಸಲ ಜಾರಿದಾಗ ಅದನ್ನ ತೆಗೆಯೂಕೆ ಹತ್ತು ದಾರಿ ಇರ್ತದೆ, ಪ್ರತಿ ಸಲ ಜಾರಿಸಿದ ಹಾಗೂ ಒಂದೊಂದು ದಾರಿ ಮುಚ್ತಾ ಹೋಗ್ತದೆ.

ಮೊದ್ಲು ಅದು ಎಂತಕ್ಕೆ ಹಿಡ್ಕೊಂಡಿದೆ ಅಂತ ತಿಳ್ಕೊಳ್ಳಿ, ಇಲ್ದಿದ್ರೆ ತುಕ್ಕು ಬಿಡಿಸೂ ಸ್ಪ್ರೇ ಎಷ್ಟು ಹೊಡೆದ್ರೂ ಕಾಸು ದಂಡ. ಕವರೂ ಕೇಸಿಂಗೂ ಅಲ್ಯೂಮಿನಿಯಂ, ಬೋಲ್ಟು ಕಬ್ಬಿಣ, ಮೇಲೆ ತೆಳ್ಳಗೆ ಸತುವಿನ ಲೇಪ. ಈ ಎರಡು ಬೇರೆ ಲೋಹದ ನಡುವೆ ಉಪ್ಪು ನೀರು ಸೇರ್ಕೊಂಡ್ರೆ ಸಣ್ಣ ಬ್ಯಾಟರಿ ಆದ ಹಾಗೇ. ಮೊದ್ಲು ಸತು ಕರಗ್ತದೆ, ಅದು ಮುಗಿದ್ಮೇಲೆ ಅಲ್ಯೂಮಿನಿಯಂ ತಿನ್ನಿಸ್ಕೊಳ್ಳೂಕೆ ಶುರು. ಹಾಗೆ ತಿಂದಿದ್ದು ಬಿಳಿ ಪುಡಿಯಾಗಿ ಬೋಲ್ಟಿನ ಸುತ್ತ ಸಂದಿನಲ್ಲಿ ತುಂಬಿ, ಹಂಡೆಗೆ ಸುಣ್ಣ ಕಟ್ಟಿದ ಹಾಗೆ ಗಟ್ಟಿಯಾಗ್ತದೆ. ಶಿರಸಿ ಕಡೆಯಿಂದ ಬರೂ ಗಾಡಿಯಲ್ಲೂ ಬೋಲ್ಟ್ ಹಿಡ್ಕೊಂಡಿರ್ತದೆ, ಆದ್ರೆ ಅಲ್ಲಿದು ಮಳೆ ಮತ್ತೆ ಕೆಂಪು ಮಣ್ಣಿನ ರಾಡಿಯ ತುಕ್ಕು, ಹೊರಗಿಂದ ಕಾಣ್ತದೆ, ಬ್ರಷ್ ಹಾಕಿ ಉಜ್ಜಿದ್ರೆ ಅರ್ಧ ಹೋಗ್ತದೆ. ಕಾರವಾರ, ಅಂಕೋಲಾ, ಗೋಕರ್ಣ, ಹೊನ್ನಾವರ, ಭಟ್ಕಳ ಈ ಸಾಲಿನ ಗಾಡಿಗಳದ್ದು ಬೇರೆ ಕತೆ, ಬೋಲ್ಟಿನ ತಲೆ ಫಳಫಳ ಅಂತಿರ್ತದೆ, ಒಳಗೆ ಬಿಳಿ ಪುಡಿ ಕಚ್ಚಿ ಕೂತಿರ್ತದೆ. ಮೀನಿನ ಕ್ರೇಟ್ ಹೊರೂ ಗಾಡಿಗಳದ್ದಂತೂ ಕೇಳ್ಬೇಡಿ, ಐಸ್ ಕರಗಿದ ಉಪ್ಪುನೀರು ಹಿಂದಿನ ಎಕ್ಸೆಲ್ ಮೇಲೆ, ಚೈನ್ ಅಡ್ಜಸ್ಟರ್ ಮೇಲೆ ದಿನಾ ಬೆಳಿಗ್ಗೆ ಸುರೀತಾ ಇರ್ತದೆ.

ಇಲ್ಲೇ ಇನ್ನೊಂದು ವಿಷಯ, ಇದನ್ನ ಯಾರೂ ಹೇಳೂದಿಲ್ಲ. ಕ್ಲಚ್ ಕವರಿನ ಬೋಲ್ಟು ಹಿಡ್ಕೊಂಡಿರೂದು ತ್ರೆಡ್ಡಿನಲ್ಲಿ ಅಂತ ಎಲ್ರೂ ಅಂದ್ಕೊಳ್ತಾರೆ. ಎಷ್ಟೋ ಸಲ ಅಲ್ಲ. ತ್ರೆಡ್ ಇರೂದು ಗ್ಯಾಸ್ಕೆಟ್ಟಿನ ಆಚೆ ಕೇಸಿಂಗಿನ ಒಳಗೆ, ಅಲ್ಲಿಗೆ ಉಪ್ಪು ಹೋಗೂದು ಕಡಿಮೆ. ಕಚ್ಚಿರೂದು ಕವರಿನ ತೂತಿನ ಒಳಗೆ, ಬೋಲ್ಟಿನ ಉದ್ದ ಮೈಗೆ. ಅದಕ್ಕೇ ತಲೆ ತಿರುಗ್ತದೆ, ಮೈ ತಿರುಗೂದಿಲ್ಲ, ನಡುವೆ ತಿರುಚಿಕೊಂಡು ತಲೆಯ ಬುಡದಲ್ಲಿ ಟಕ್ ಅಂತದೆ. ಬೋಲ್ಟಿನ ತಲೆಗೆ ಅಗಲ ಫ್ಲೇಂಜ್, ಅಂದ್ರೆ ಬುಡದಲ್ಲಿ ವಾಷರಿನ ಹಾಗಿನ ಅಂಚು, ಇದ್ರೆ ಮೇಲಿಂದ ಹೊಡೆದ ಸ್ಪ್ರೇ ಒಳಗೆ ಇಳಿಯೂದೇ ಇಲ್ಲ, ಫ್ಲೇಂಜೇ ಮುಚ್ಚಳ ಹಾಕಿರ್ತದೆ. ಹಾಗಾಗಿ ಮೊದ್ಲು ಬೋಲ್ಟಿನ ತಲೆ ಮೇಲೆ ನೆಟ್ಟಗೆ ಪಂಚ್ ಇಟ್ಟು ಸುತ್ತಿಗೆಯಲ್ಲಿ ನಾಲ್ಕೈದು ಏಟು, ಜಜ್ಜೂ ಹಾಗೆ ಅಲ್ಲ, ಗಟ್ಟಿಯಾಗಿ ಚುರುಕಾಗಿ. ಪುಡಿ ಬಿರುಕು ಬಿಟ್ಮೇಲೆ ಸ್ಪ್ರೇ ಹೊಡೀರಿ, ರಾತ್ರಿ ಬಿಡಿ, ಬೆಳಿಗ್ಗೆ ಮತ್ತೆ ಏಟು ಹಾಕಿ, ಮತ್ತೆ ಸ್ಪ್ರೇ. ಬಿಚ್ಚೂವಾಗ ಮೊದ್ಲು ಟೈಟ್ ಮಾಡೂ ಕಡೆಗೆ ಚೂರೇ ಚೂರು, ಆಮೇಲೆ ಲೂಸ್ ಕಡೆಗೆ, ಹೀಗೆ ಆಚೆ ಈಚೆ ಆಡಿಸ್ತಾ ಬನ್ನಿ.

ಅದಕ್ಕೂ ಬಗ್ಗದಿದ್ರೆ ಬಿಸಿ ಮಾಡಬೇಕು. ಬಿಸಿ ಮಾಡೂದು ಕವರನ್ನ, ಬೋಲ್ಟನ್ನಲ್ಲ. ಅಲ್ಯೂಮಿನಿಯಂ ಬಿಸಿಗೆ ಹಿಗ್ಗೂದು ಕಬ್ಬಿಣಕ್ಕಿಂತ ಹತ್ರ ಹತ್ರ ಎರಡು ಪಟ್ಟು. 6 ಮಿಲಿಮೀಟರಿನ ತೂತು 100 ಡಿಗ್ರಿ ಹೆಚ್ಚಿಗೆ ಬಿಸಿಯಾದ್ರೆ ಬೋಲ್ಟಿಗಿಂತ ಮಿಲಿಮೀಟರಿನ ಸಾವಿರದಲ್ಲಿ ಆರೇಳು ಪಾಲು ಹೆಚ್ಚು ಹಿಗ್ತದೆ, ಕೂದಲೆಳೆಯ ದಪ್ಪದ ಹತ್ತನೇ ಒಂದು ಪಾಲು ಅಷ್ಟೆ, ಆದ್ರೆ ಆ ಪುಡಿಯ ಹಿಡಿತ ಬಿಡಿಸೂಕೆ ಅಷ್ಟು ಸಾಕು. ಹಾಟ್ ಏರ್ ಗನ್ ಒಳ್ಳೇದು. ಒಂದು ಹನಿ ನೀರು ಹಾಕಿದ್ರೆ ಚುಂಯ್ ಅಂತ ಹಾರಬೇಕು, ಅದಕ್ಕಿಂತ ಮೇಲೆ ಹೋಗೂದು ಬೇಡ, ಕಿಕ್ ಶಾಫ್ಟಿನ ಆಯಿಲ್ ಸೀಲು ಅಲ್ಲೇ ಪಕ್ಕದಲ್ಲಿ ಇರ್ತದೆ, ಅದು ರಬ್ಬರು. ಬೆಂಕಿ ಉರಿಸೂ ಟಾರ್ಚ್ ತರೂದಾದ್ರೆ ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಟ್ಟು, ಸ್ಪ್ರೇ ಎಲ್ಲ ಒರೆಸಿ ಆಮೇಲೆ. ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕೆ ಮಾತ್ರ ಬೆಂಕಿ ತೋರಿಸ್ಲೇಬೇಡಿ, ಕ್ಲೋರಿನ್ ಇರೂ ಕ್ಲೀನರ್ ಆಗಿದ್ರೆ ಅದ್ರಿಂದ ಬರೂ ಹೊಗೆ ವಿಷ.

ಈಗ ನಿಮ್ಮ ತಲೆ ಹಾರಿದ ಬೋಲ್ಟಿಗೆ ಬರ್ತೆ. ತಲೆ ಹೋಯ್ತು ಅಂದ್ರೆ ಅದು ಕವರನ್ನ ಅದುಮಿ ಹಿಡಿದಿದ್ದ ಬಿಗಿಯೂ ಹೋಯ್ತು. ಉಳಿದ ಬೋಲ್ಟೆಲ್ಲ ಬಿಚ್ಚಿ ಕವರ್ ಎಳೆದ್ರೆ ಆ ಬೋಲ್ಟಿನ ಮೈ ಕೇಸಿಂಗಿಂದ ಉದ್ದಕ್ಕೆ ಹೊರಗೆ ನಿಂತಿರ್ತದೆ, ಗ್ರಿಪ್ ಪ್ಲೈಯರ್ ಹಾಕಿ ಗಟ್ಟಿ ಕಚ್ಚಿಸಿ ತಿರುಗಿಸಿದ್ರೆ ಬರ್ತದೆ, ಕೆಲವು ಸಲ ಕೈಯಲ್ಲೇ ಬರ್ತದೆ ಮಾರಾಯ್ರೆ. ಗ್ಯಾರೇಜಿನವ ಕವರ್ ತೆಗೆದು ನೋಡದೇ ಕೇಸಿಂಗ್ ಅಂತ ಹೇಗೆ ಹೇಳಿದ ಅಂತ ನಂಗೆ ಗೊತ್ತಾಗ್ಲಿಲ್ಲ. ಕವರ್ ಎಳೆಯೂವಾಗ ಆ ಬೋಲ್ಟಿನ ಜಾಗದಲ್ಲಿ ಕಚ್ಚಿ ಕೂರ್ತದೆ, ಆಗ ಸಂದಿಗೆ ಸ್ಕ್ರೂ ಡ್ರೈವರ್ ತುರುಕಿ ಮೀಟೂದು ಬೇಡ, ಗ್ಯಾಸ್ಕೆಟ್ ಕೂರೂ ಮುಖಕ್ಕೆ ಗೀರು ಬಿದ್ರೆ ಜೀವಮಾನ ಆಯಿಲ್ ಒಸರ್ತದೆ. ರಬ್ಬರ್ ಸುತ್ತಿಗೆಯಲ್ಲಿ ಸುತ್ತ ತಟ್ಟಿ, ಆ ಬೋಲ್ಟಿನ ಸುತ್ತ ಬಿಸಿ ಮಾಡಿ, ಮತ್ತೆ ತಟ್ಟಿ. ಕಿಕ್ಕರ್ ಬಿಚ್ಚಿರಬೇಕು, ಕ್ಲಚ್ ಕೇಬಲ್ ಕವರಿನ ಲಿವರಿಗೆ ಬರೂ ಗಾಡಿಯಾದ್ರೆ ಅದನ್ನೂ.

ರೌಂಡ್ ಆದ ಬೋಲ್ಟಿಗೂ ಕಡೆಗೆ ಇದೇ ಉಪಾಯ, ಆದ್ರೆ ಅದಕ್ಕೆ ಮೊದ್ಲು ಒಂದೆರಡು ನೋಡ್ಬಹುದು. ಆ ಬೋಲ್ಟುಗಳು ಎಂ6, ಅಂದ್ರೆ 6 ಮಿಲಿಮೀಟರ್ ದಪ್ಪದ್ದು, ತಲೆ ಎಂಟು ನಂಬರ್. ನಿಮ್ಮ ಹತ್ರ ಇರೂದು ಹನ್ನೆರಡು ಮೂಲೆಯ ರಿಂಗ್ ಪಾನಾ ಆಗಿರಬೇಕು, ಅದು ಮೂಲೆಯ ತುದಿಯನ್ನ ಮಾತ್ರ ಹಿಡೀತದೆ, ಹೊಸ ಬೋಲ್ಟಿಗೆ ಅಡ್ಡಿಲ್ಲ, ಹಿಡ್ಕೊಂಡ ಬೋಲ್ಟಿಗೆ ಹಾಕ್ಬಾರ್ದು. ಆರು ಮೂಲೆಯ ಸಾಕೆಟ್ ತನ್ನಿ. ಇಂಚಿನ ಲೆಕ್ಕದ 5/16 ಸಾಕೆಟ್ ಸಿಕ್ಕಿದ್ರೆ ಇನ್ನೂ ಲಾಯ್ಕ, ಅದು 7.94 ಮಿಲಿಮೀಟರ್, ಎಂಟಕ್ಕಿಂತ ಕೂದಲಷ್ಟು ಬಿಗಿ, ಮೂಲೆ ಸವೆದ ತಲೆ ಮೇಲೆ ಸುತ್ತಿಗೆಯಲ್ಲಿ ಬಡಿದು ಕೂರಿಸಿದ್ರೆ ಕಚ್ಚಿ ಹಿಡೀತದೆ, ಬಡಿಯೂ ಏಟಿಗೇ ಒಳಗಿನ ಪುಡಿನೂ ಸಡಿಲ ಆಗ್ತದೆ. ಸ್ಕ್ರೂ ಡ್ರೈವರ್ ಹಾಕೂ ಪ್ಲಸ್ ತಲೆಯ ಸ್ಕ್ರೂ ಆಗಿದ್ರೆ ಇಂಪ್ಯಾಕ್ಟ್ ಡ್ರೈವರ್, ಕರೆಂಟಿಂದಲ್ಲ, ಸುತ್ತಿಗೆಯಲ್ಲಿ ಹಿಂದೆ ಹೊಡೆಯೂ ಹಳೇ ನಮೂನೆದು. ಜಪಾನಿ ಮೂಲದ ಗಾಡಿಗಳ ಪ್ಲಸ್ ಸ್ಕ್ರೂ ಜೆಐಎಸ್ ಅಂತ ಬೇರೆಯೇ ಅಳತೆ, ತಲೆ ಮೇಲೆ ಸಣ್ಣ ಚುಕ್ಕಿ ಇದ್ರೆ ಅದು, ಪೇಟೆಯಲ್ಲಿ ಸಿಗೂ ಸಾಮಾನ್ಯ ಫಿಲಿಪ್ಸ್ ಡ್ರೈವರ್ ಹಾಕಿದ್ರೆ ತಿರುಗಿಸಿದ ಹಾಗೂ ಮೇಲೆ ಎದ್ದು ಬಂದು ಮೂಲೆ ತಿಂದು ಹಾಕ್ತದೆ. ಅಲನ್ ಬೋಲ್ಟಿನ ಆರು ಮೂಲೆಯ ಗುಂಡಿ ರೌಂಡ್ ಆಗಿದ್ರೆ ಒಂದು ಸೈಜು ದೊಡ್ಡ, ನಕ್ಷತ್ರದ ಆಕಾರದ ಟಾರ್ಕ್ಸ್ ಬಿಟ್ ಬಡಿದು ಕೂರಿಸಿ, ಆ ಬೋಲ್ಟು ಹೇಗೂ ಗುಜರಿಗೇ ಹೋಗೂದು.

ಯಾವುದಕ್ಕೂ ಬರ್ಲಿಲ್ಲ ಅಂದ್ರೆ ಬೇಕಂತಲೇ ತಲೆ ಹಾರಿಸೂದು. ಹೌದು, ನೀವು ಹೆದರಿದ ಕೆಲಸವನ್ನೇ ನಾವು ಡ್ರಿಲ್ ಹಿಡ್ದು ಮಾಡೂದು. ತಲೆಯ ನಡುವೆ ಪಂಚ್ ಹೊಡೆದು 3 ಮಿಲಿಮೀಟರಿನ ಡ್ರಿಲ್, ಆಮೇಲೆ 6 ಮಿಲಿಮೀಟರ್, ತಲೆಯ ದಪ್ಪದಷ್ಟು ಮಾತ್ರ ಆಳ. ಅಷ್ಟರಲ್ಲಿ ತಲೆ ಬಳೆ ಹಾಗೆ ಕಿತ್ತು ಡ್ರಿಲ್ಲಿನ ಜೊತೆ ತಿರುಗೂಕೆ ಶುರು ಮಾಡ್ತದೆ. ನಿಲ್ಲಿಸಿ. ಉಳಿದದ್ದು ಮೊದಲ ಬೋಲ್ಟಿನ ಹಾಗೇ, ಕವರ್ ತೆಗೆದು ಪ್ಲೈಯರ್.

ನಿಜವಾಗಿ ಕಷ್ಟದ್ದು ಯಾವುದು ಅಂದ್ರೆ ಬೋಲ್ಟು ಕೇಸಿಂಗಿನ ಮಟ್ಟಕ್ಕೆ ಅಥವಾ ಅದ್ರ ಒಳಗೇ ತುಂಡಾಗಿದ್ದು. ನಿಮ್ಮ ಹಾರಿದ ತುಂಡು ಎಷ್ಟುದ್ದ ಇದೆ ಅಂತ ನೋಡಿ, ಬರೀ ತಲೆ ಆಗಿದ್ರೆ ಬಚಾವ್. ತಲೆ ಜೊತೆ ಉದ್ದ ಮೈಯೂ ಬಂದಿದ್ರೆ ಒಳಗಡೆ ತ್ರೆಡ್ ಹತ್ರ ಮುರಿದಿದೆ ಅಂತ ಲೆಕ್ಕ, ಆಗ ಅವಸರ ಮಾಡ್ಬೇಡಿ, ಇಲ್ಲೇ ಎಲ್ಲರ ಕೇಸಿಂಗ್ ಹಾಳಾಗೂದು. ಹೇಗೆ ಅಂದ್ರೆ, ಮುರಿದ ಬೋಲ್ಟಿನ ಮುಖ ಸಪಾಟು ಇರೂದಿಲ್ಲ, ಒಂದು ಕಡೆ ಎತ್ತರ ಒಂದು ಕಡೆ ತಗ್ಗು, ಡ್ರಿಲ್ ಇಟ್ಟ ಕೂಡ್ಲೇ ತಗ್ಗಿಗೆ ಜಾರಿ ಪಕ್ಕದ ಅಲ್ಯೂಮಿನಿಯಂಗೆ ಹೋಗ್ತದೆ, ಅದು ಮೆತ್ತಗೆ, ಬೋಲ್ಟು ಗಟ್ಟಿ, ಡ್ರಿಲ್ಲು ಮೆತ್ತಗಿನ ಕಡೆಗೇ ಓಡೂದು. ತೂತು ಸೊಟ್ಟ ಆದ್ಮೇಲೆ ಯಾವ ಉಪಾಯನೂ ನೆಟ್ಟಗೆ ಆಗೂದಿಲ್ಲ.

ಇದಕ್ಕೆ ನಾನು ಮಾಡೂದು ಹೀಗೆ. ಲೇತಿನವನ ಹತ್ರ ಒಂದು ಸಣ್ಣ ಬುಶ್ ಮಾಡಿಸೂದು, ಹೊರಗಿನ ಅಳತೆ ಕವರಿನ ಬೋಲ್ಟ್ ತೂತಿಗೆ ಆಡದ ಹಾಗೆ ಕೂರಬೇಕು, ಒಳಗೆ ನಟ್ಟ ನಡುವೆ 3 ಮಿಲಿಮೀಟರಿನ ತೂತು. ಫಿಲ್ಟರ್ ಕೆಲಸ ಎಲ್ಲ ಮುಗಿಸಿ ಕವರನ್ನ ವಾಪಸ್ ಕೂರಿಸಿ ಎರಡು ಬೋಲ್ಟಲ್ಲಿ ಹಿಡಿಸಿ, ಆ ತೂತಿಗೆ ಬುಶ್ ಇಟ್ಟು, ಅದ್ರೊಳಗಿಂದ ಡ್ರಿಲ್ ಹಾಕೂದು. ಕವರೇ ಜಿಗ್ ಆಯ್ತು, ಡ್ರಿಲ್ ಬೇಕಂದ್ರೂ ಆಚೀಚೆ ಹೋಗೂದಿಲ್ಲ. ಉಲ್ಟಾ ತಿರುಗೂ ಡ್ರಿಲ್ ಬಿಟ್ ಸಿಕ್ಕಿದ್ರೆ, ಅಂದ್ರೆ ಎಡಗೈ ಬಿಟ್, ಇನ್ನೂ ಒಳ್ಳೇದು, ಡ್ರಿಲ್ ಮಾಡ್ತಾ ಮಾಡ್ತಾ ಬಿಸಿಗೂ ಎಳೆತಕ್ಕೂ ತುಂಡು ತಾನೇ ಹೊರಗೆ ಬರೂದುಂಟು. ಬರ್ಲಿಲ್ಲ ಅಂದ್ರೆ ಹಂತ ಹಂತವಾಗಿ 4, 4.5, ಕಡೆಗೆ 5 ಮಿಲಿಮೀಟರ್ ತನಕ ಹೋಗಿ, ಉಳಿದ ಸಿಪ್ಪೆಯನ್ನ ಚೂಪು ಪಂಚಿನಲ್ಲಿ ಕಿತ್ತು, ಎಂ6ರ 1.0 ಪಿಚ್ಚಿನ ಟ್ಯಾಪ್, ಅಂದ್ರೆ ತ್ರೆಡ್ ಕೊರೆಯೂ ಕಡ್ಡಿ (ಪಿಚ್ ಅಂದ್ರೆ ಎರಡು ತ್ರೆಡ್ಡಿನ ನಡುವಿನ ಅಂತರ), ಇಳಿಸಿದ್ರೆ ಹಳೇ ತ್ರೆಡ್ ಸ್ವಚ್ಛ ಆಗಿ ಸಿಗ್ತದೆ.

ಈಜಿ ಔಟ್ ಅಂತ ಸಿಗ್ತದಲ್ಲ, ಡ್ರಿಲ್ ಮಾಡಿದ ತೂತಿಗೆ ಹಾಕಿ ಉಲ್ಟಾ ತಿರುಗಿಸೂ ಸ್ಕ್ರೂ ಎಕ್ಸ್‌ಟ್ರಾಕ್ಟರ್, ಎಂ6 ಬೋಲ್ಟಿಗೆ ಅದನ್ನ ಹಾಕೂದು ನಂಗೆ ಒಂಚೂರೂ ಇಷ್ಟ ಇಲ್ಲ. ಬೋಲ್ಟು ಪೂರ್ತಿ ಗಟ್ಟಿ ಇದ್ದಾಗಲೇ ತಿರುಗಲಿಲ್ಲ, ಕಡ್ಡಿ ದಪ್ಪದ ಎಕ್ಸ್‌ಟ್ರಾಕ್ಟರಿಗೆ ತಿರುಗ್ತದಾ? ಅದು ತುಂಬಾ ಗಟ್ಟಿ ಉಕ್ಕು, ಬಗ್ಗೂದಿಲ್ಲ, ನೇರ ಮುರಿಯೂದೇ. ಒಳಗೆ ಮುರಿದ್ರೆ ನಮ್ಮ ಸಾಮಾನ್ಯ ಡ್ರಿಲ್ ಬಿಟ್ ಅದಕ್ಕೆ ತಾಗೂದಿಲ್ಲ, ಕಾರ್ಬೈಡ್ ಬಿಟ್ ಬೇಕು ಇಲ್ಲಾ ಕಿಡಿಯಲ್ಲಿ ಲೋಹ ಕೊರೆಯೂ ಸ್ಪಾರ್ಕ್ ಇರೋಶನ್ ಮಷಿನ್ ಇರೂ ಕಡೆ ಎಂಜಿನ್ ಹೊತ್ಕೊಂಡು ಹೋಗ್ಬೇಕು. ಎಂ10ಕ್ಕಿಂತ ಮೇಲಿನ ಬೋಲ್ಟಿಗೆ ಬೇಕಾದ್ರೆ ಹಾಕ್ಲಿ.

ಅದಕ್ಕಿಂತ ವೆಲ್ಡಿಂಗ್ ಎಷ್ಟೋ ಪಾಲು ಮೇಲು, ಮತ್ತೆ ಈ ವಿಷಯದಲ್ಲಿ ನಮ್ಮ ಕರಾವಳಿಯವರು ಪುಣ್ಯವಂತರು. ಬೈತಖೋಲ, ತದಡಿ, ಹೊನ್ನಾವರ ಈ ಬಂದರುಗಳ ಆಸುಪಾಸಿನ ವೆಲ್ಡಿಂಗಿನವ್ರು ದೋಣಿ ಎಂಜಿನ್ನಿನ ಉಪ್ಪು ತಿಂದ ಸ್ಟಡ್, ಅಂದ್ರೆ ತಲೆ ಇಲ್ಲದ ಬೋಲ್ಟು, ತೆಗೆದೂ ತೆಗೆದೂ ಪಳಗಿದವ್ರು, ಬೈಕಿನ ಗ್ಯಾರೇಜಿನವ ಕೈ ಎತ್ತಿದ ಬೋಲ್ಟನ್ನ ಅವ್ರು ಬೀಡಿ ಸೇದಿ ಮುಗಿಸೂದ್ರೊಳಗೆ ತೆಗೆದು ಕೊಡ್ತಾರೆ. ಮುರಿದ ತುಂಡಿನ ಮೇಲೆ ಒಂದು ವಾಷರ್ ಇಟ್ಟು ಅದ್ರ ತೂತಿನೊಳಗಿಂದ ವೆಲ್ಡ್ ತುಂಬಿಸಿ, ಅದ್ರ ಮೇಲೆ ಒಂದು ನಟ್ ಇಟ್ಟು ಅದಕ್ಕೂ ವೆಲ್ಡ್. ಉಕ್ಕಿನ ವೆಲ್ಡು ಅಲ್ಯೂಮಿನಿಯಂಗೆ ಅಂಟೂದಿಲ್ಲ, ಅದೇ ಇಲ್ಲಿ ನಮಗೆ ಅನುಕೂಲ. ಕೆಂಪು ಹೋಗಿ ಸ್ವಲ್ಪ ಆರಿದ್ಮೇಲೆ ಪಾನಾ ಹಾಕಿ ಆಚೆ ಈಚೆ ಆಡಿಸಿದ್ರೆ ಬರ್ತದೆ, ಬೋಲ್ಟು ಕಾದು ಹಿಗ್ಗಿ ಮತ್ತೆ ಕುಗ್ಗೂವಾಗ ಆ ಬಿಳಿ ಪುಡಿ ಒಡೆದಿರ್ತದೆ. ಒಂದೇ ಸಲಕ್ಕೆ ವೆಲ್ಡ್ ಹಿಡೀಲಿಲ್ಲ ಅಂದ್ರೆ ಮತ್ತೆ ಮಾಡೂದು, ಪ್ರತಿ ಸಲ ಕಾದಾಗಲೂ ಇನ್ನಷ್ಟು ಸಡಿಲ ಆಗೂದೇ. ನೀವು ನೋಡ್ಕೊಳ್ಬೇಕಾದ್ದು ಬ್ಯಾಟರಿಯ ಎರಡೂ ವೈರ್ ಬಿಚ್ಚಿದಾರಾ, ಹೊಸಾ ಎಫ್‌ಐ (ಫ್ಯುಯೆಲ್ ಇಂಜೆಕ್ಷನ್) ಗಾಡಿ ಆದ್ರೆ ಇಸಿಯು, ಅಂದ್ರೆ ಗಾಡಿಯ ಕಂಪ್ಯೂಟರಿನ, ಕನೆಕ್ಟರ್ ತೆಗೆದಿದಾರಾ, ಟ್ಯಾಂಕ್ ಇಳಿಸಿದಾರಾ, ಅರ್ಥಿಂಗ್ ಕ್ಲ್ಯಾಂಪ್ ಅದೇ ಕೇಸಿಂಗಿಗೆ ಹತ್ರದಲ್ಲಿ ಕಚ್ಚಿಸಿದಾರಾ ಅಂತ. ಕ್ಲ್ಯಾಂಪ್ ದೂರ ಹಿಂದಿನ ಚಕ್ರಕ್ಕೆ ಹಾಕಿದ್ರೆ ಕರೆಂಟ್ ಬೇರಿಂಗಿನೊಳಗಿಂದ ಹಾದುಹೋಗಿ ಬೇರಿಂಗ್ ಹಾಳು. ಒಂದೇ ತೊಂದರೆ, ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ಬಂದ್ ಇರೂ ಹೊತ್ತಿಗೆ ದೋಣಿಗಳೆಲ್ಲ ರಿಪೇರಿಗೆ ನಿಂತಿರ್ತವೆ, ನಿಮ್ಮ ಆರು ಮಿಲಿಮೀಟರಿನ ಬೋಲ್ಟಿಗೆ ಆಗ ಯಾರೂ ತಲೆ ಎತ್ತಿ ನೋಡೂದಿಲ್ಲ.

ಡ್ರೇನ್ ಬೋಲ್ಟು. ಬಿಚ್ಚಿ ಅದ್ರ ತ್ರೆಡ್ ನೋಡಿ, ಬೆಳ್ಳಿ ಬಣ್ಣದ ತೆಳ್ಳಗಿನ ಸುರುಳಿ ಸಿಕ್ಕಿಹಾಕ್ಕೊಂಡಿದ್ರೆ ಅದು ಕೇಸಿಂಗಿನ ತ್ರೆಡ್ಡೇ ಕಿತ್ತು ಬಂದಿದ್ದು. ಬೋಲ್ಟಿನ ತ್ರೆಡ್ ಸವೆದು ಕೇಸಿಂಗ್ ಚೆನ್ನಾಗಿದ್ರೆ ಹೊಸ ಬೋಲ್ಟು ಹೊಸ ವಾಷರ್, ಕೆಲಸ ಮುಗೀತು, ಆದ್ರೆ ನಿಮ್ಮ ಅದೃಷ್ಟ ಅಷ್ಟು ಚೆನ್ನಾಗಿರೂದು ಕಡಿಮೆ ಅನ್ನಿಸ್ತದೆ. ಇಂಥಾ ಗಾಡಿಗಳಲ್ಲಿ ಸಾಮಾನ್ಯವಾಗಿ ಇದು 12 ಮಿಲಿಮೀಟರಿನ ಬೋಲ್ಟು, 1.5 ಪಿಚ್, ತಲೆ ಹದಿನೇಳು ನಂಬರ್. ತಲೆ ದೊಡ್ಡದು, ಪಾನಾ ಉದ್ದ, ಎಲ್ರೂ ಕಾಲಲ್ಲಿ ಒದ್ದು ಟೈಟ್ ಮಾಡ್ತಾರೆ. ಅದಕ್ಕೆ ಬೇಕಾದ್ದು 25 ನ್ಯೂಟನ್ ಮೀಟರ್ ಆಸುಪಾಸು ಅಷ್ಟೆ, ಗಾಡಿಯ ಪುಸ್ತಕದಲ್ಲಿ ಸರಿಯಾದ ಅಂಕಿ ಇರ್ತದೆ. ಆಯಿಲ್ ಸೋರೂದು ತಡೆಯೂದು ಜೋರಲ್ಲ, ವಾಷರು, ಹಳೇ ವಾಷರ್ ಚಪ್ಪಟೆಯಾಗಿ ಹೋದ್ರಿಂದ ಹನಿ ಹನಿ ಸೋರ್ತದೆ, ಜನ ಅದನ್ನ ನಿಲ್ಲಿಸೂಕೆ ಇನ್ನೂ ಟೈಟ್ ಮಾಡ್ತಾರೆ, ಹಾಗೇ ತ್ರೆಡ್ ಹೋಗೂದು. ಟೆಫ್ಲಾನ್ ಟೇಪ್ ಸುತ್ತಿ ಹಾಕೂದು, ಎಂಸೀಲ್ ಮೆತ್ತೂದು, ಇದೆಲ್ಲ ಬೇಡ. ದೊಡ್ಡ ಸೈಜಿನ, ತಾನೇ ತ್ರೆಡ್ ಕೊರೆದು ಹೋಗೂ ಬೋಲ್ಟು ಹಾಕಿ ಕೊಡೂ ಗ್ಯಾರೇಜುಗಳಿವೆ, ಅದು ಒಂದೆರಡು ಆಯಿಲ್ ಚೇಂಜಿಗೆ ನಡೀತದೆ, ಆಮೇಲೆ ಸೊಟ್ಟ ಕೂತು ಕೇಸಿಂಗ್ ಸೀಳೂದೂ ಉಂಟು.

ಸರಿಯಾದ ದಾರಿ ಹೆಲಿಕಾಯಿಲ್. ಸ್ಪ್ರಿಂಗಿನ ಹಾಗೆ ಸುತ್ತಿದ ಉಕ್ಕಿನ ತಂತಿ, ಹೊರಗಿನ ಮುಖ ಕೇಸಿಂಗನ್ನ ಹಿಡೀತದೆ, ಒಳಗಿನ ಮುಖ ನಿಮ್ಮ ಹಳೇ ಸೈಜಿನ ಬೋಲ್ಟಿಗೇ ತ್ರೆಡ್ ಕೊಡ್ತದೆ. ತೂತು ಸ್ವಲ್ಪ ದೊಡ್ಡ ಮಾಡಿ, ಅದ್ರ ಕಿಟ್ಟಿನಲ್ಲೇ ಬರೂ ಟ್ಯಾಪ್ ಹಾಕ್ಬೇಕು, ಮಾಮೂಲಿ ಟ್ಯಾಪ್ ಆಗೂದಿಲ್ಲ. ಸರಿಯಾಗಿ ಕೂತ ಹೆಲಿಕಾಯಿಲ್ ಅಲ್ಯೂಮಿನಿಯಂನ ಮೊದಲಿನ ತ್ರೆಡ್ಡಿಗಿಂತ ಗಟ್ಟಿ. ಎರಡು ಕಡೆ ಜಾಗ್ರತೆ. ಟ್ಯಾಪಿನ ಉದ್ದ ಸಂದುಗಳಿಗೆ ದಪ್ಪ ಗ್ರೀಸ್ ಮೆತ್ತಿ, ಅರ್ಧ ಸುತ್ತು ಮುಂದೆ ಹೋಗಿ ಕಾಲು ಸುತ್ತು ಹಿಂದೆ ಬಂದು, ನಡುನಡುವೆ ಹೊರಗೆ ತೆಗೆದು ಒರೆಸಿ ಮತ್ತೆ ಗ್ರೀಸ್, ಆಗ ಸಿಪ್ಪೆ ಎಂಜಿನ್ ಒಳಗೆ ಹೋಗೂದು ಕಡಿಮೆ. ಕ್ಲಚ್ ಕವರ್ ಹೇಗೂ ಬಿಚ್ಚಿರ್ತದೆ, ಕೆಲಸ ಆದ್ಮೇಲೆ ಮೇಲಿಂದ ಸ್ವಲ್ಪ ಆಯಿಲ್ ಸುರಿದು ಡ್ರೇನ್ ತೂತಿಂದ ಹೊರಗೆ ಬಿಡಿ, ಅಳಿದುಳಿದ ಸಿಪ್ಪೆ ತೊಳೆದು ಹೋಗ್ತದೆ. ಇನ್ನೊಂದು, ಆ ತಂತಿಯ ತುದಿಯಲ್ಲಿ ಕೂರಿಸೂಕೆ ಹಿಡಿಯೂ ಒಂದು ಸಣ್ಣ ನಾಲಗೆ ಇರ್ತದೆ, ಕೂರಿಸಿದ್ಮೇಲೆ ಅದನ್ನ ಮುರಿದು ತೆಗೀಬೇಕು. ಸುಮ್ನೆ ಪಂಚ್ ಹೊಡೆದ್ರೆ ನೆಟ್ಟಗೆ ಎಂಜಿನ್ ಒಳಗೆ ಬೀಳ್ತದೆ, ಮೂಗು ಉದ್ದ ಇರೂ ಪ್ಲೈಯರಲ್ಲಿ ಹಿಡಿದೇ ಮುರೀರಿ. ಕೈ ನಡುಗ್ತದೆ ಅನ್ನಿಸಿದ್ರೆ ಈ ಒಂದು ಕೆಲಸವನ್ನ ಲೇತಿನವನಿಗೆ ಕೊಡಿ, ಹೊಸ ಕೇಸಿಂಗಿನ ದುಡ್ಡಿನ ಮುಂದೆ ಅವ ಕೇಳೂದು ಎಂತದೂ ಅಲ್ಲ.

ಸ್ಟೇನ್‌ಲೆಸ್ ಬೋಲ್ಟಿನ ವಿಷಯ. ಇದು ಸಮುದ್ರದ ಹತ್ರ ಇರೂ ಎಲ್ರಿಗೂ ಬರೂ ಆಸೆ, ಆದ್ರೆ ಲೆಕ್ಕ ಉಲ್ಟಾ. ಸ್ಟೇನ್‌ಲೆಸ್ ತಾನು ತುಕ್ಕು ಹಿಡಿಯೂದಿಲ್ಲ, ಪಕ್ಕದ ಅಲ್ಯೂಮಿನಿಯಂನ ತಿನ್ನಿಸ್ತದೆ. ಮಾಮೂಲಿ ಬೋಲ್ಟಿನ ಸತು ಇತ್ತಲ್ಲ, ಅದು ಅಲ್ಯೂಮಿನಿಯಂ ಬದ್ಲಿಗೆ ತಾನು ಕರಗಿ ಸ್ವಲ್ಪ ವರ್ಷ ಕಾಪಾಡ್ತಿತ್ತು, ಸ್ಟೇನ್‌ಲೆಸ್‌ನಲ್ಲಿ ಅದೂ ಇಲ್ಲ. ಒಣಗಾಗಿ ಹಾಕಿದ್ರೆ ನಾಲ್ಕು ಮಳೆಗಾಲ ಕಳೆದ್ಮೇಲೆ ಬೋಲ್ಟು ಕನ್ನಡಿ ಹಾಗೆ ಹೊಳೀತಿರ್ತದೆ, ಬಿಚ್ಚಿದ್ರೆ ಕೇಸಿಂಗಿನ ತ್ರೆಡ್ಡು ಅದ್ರ ಜೊತೆ ಪುಡಿಯಾಗಿ ಬರ್ತದೆ. ಹಾಕ್ಲೇಬೇಕು ಅಂದ್ರೆ ಕವರ್, ಮಡ್‌ಗಾರ್ಡ್, ನಂಬರ್ ಪ್ಲೇಟ್ ಇಂಥಾ ಕಡೆ ಹಾಕಿ, ತಲೆ ಮೇಲೆ ಎ4 ಅಂತ ಬರ್ದಿದ್ದು ಉಪ್ಪಿಗೆ ಎ2ಗಿಂತ ಒಳ್ಳೇದು, ತ್ರೆಡ್ಡಿಗೂ ಮೈಗೂ ತಲೆಯ ಕೆಳಗೂ ಬೋಲ್ಟು ಕಚ್ಚದ ಹಾಗೆ ತಡೆಯೂ ಆಂಟಿ ಸೀಜ್ ಪೇಸ್ಟ್ ಅಥವಾ ನೀರಿಗೆ ತೊಳೆದು ಹೋಗದ ಮರೈನ್ ಗ್ರೀಸ್ ಹಚ್ಚಿ. ಹೆಲಿಕಾಯಿಲ್ ತಂತಿಯೂ ಸ್ಟೇನ್‌ಲೆಸ್ಸೇ, ಅದನ್ನ ಕೂರಿಸೂವಾಗಲೂ ಹೊರಮುಖಕ್ಕೆ ಇದೇ ಪಥ್ಯ.

ಬ್ರೇಕ್ ಕ್ಯಾಲಿಪರ್, ಡಿಸ್ಕ್, ಎಂಜಿನ್ ಮೌಂಟಿಂಗ್, ಎಕ್ಸೆಲ್, ಹ್ಯಾಂಡಲ್ ಇಲ್ಲಿಗೆ ಮಾತ್ರ ಪೇಟೆಯ ಸ್ಟೇನ್‌ಲೆಸ್ ಹಾಕ್ಬೇಡಿ. ಬೋಲ್ಟಿನ ತಲೆ ಮೇಲಿನ ನಂಬರ್ ಓದೂದು ಕಲೀರಿ. 8.8 ಅಂದ್ರೆ ಎಳೆದು ಹರಿಯೂಕೆ ಚದರ ಮಿಲಿಮೀಟರಿಗೆ 800 ನ್ಯೂಟನ್, 10.9 ಅಂದ್ರೆ 1000, ಚುಕ್ಕಿ ಆದ್ಮೇಲಿನ ಅಂಕಿ ಅದನ್ನ ಹತ್ತು ಪಾಲು ಮಾಡಿದ್ರೆ ಎಷ್ಟು ಪಾಲಿಗೆ ಬೋಲ್ಟು ಎಳೆದು ಉದ್ದ ಆಗೂಕೆ ಶುರು ಅಂತ. ಎ2-70 ಅಂದ್ರೆ 700. ಕ್ಯಾಲಿಪರಿಗೆ ಕಂಪನಿ 10.9 ಕೊಟ್ಟಿದ್ರೆ ಅಲ್ಲಿ ಹೊಳೆಯೂ 700 ಹಾಕೂದು ಶಾಣ್ಯಾತನ ಅಲ್ಲ. ಈ ಜಾಗದ ಬೋಲ್ಟು ರೌಂಡ್ ಆಗಿದ್ರೆ ಅರ ಹಾಕಿ ಸರಿ ಮಾಡಿ ಮತ್ತೆ ಅದನ್ನೇ ಹಾಕೂದೂ ಬೇಡ, ಕಂಪನಿ ಪಾರ್ಟೇ ತನ್ನಿ. ಡಿಸ್ಕ್ ಬೋಲ್ಟಿಗೆ ಫ್ಯಾಕ್ಟರಿಯಲ್ಲೇ ಅಂಟು ಹಾಕಿರ್ತಾರೆ, ಬಿಚ್ಚೂ ಮೊದ್ಲು ಬಿಸಿ ಗಾಳಿ ತೋರಿಸಿ.

ವಾಪಸ್ ಜೋಡಿಸೂವಾಗ ಒಂದು ರಟ್ಟಿನ ಮೇಲೆ ಕವರಿನ ಆಕಾರ ಬರ್ದು, ಯಾವ ಬೋಲ್ಟು ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಡಿ. ಕವರಿನ ಬೋಲ್ಟು ಎಲ್ಲಾ ಒಂದೇ ಉದ್ದ ಇರೂದಿಲ್ಲ. ಉದ್ದದ್ದನ್ನ ಗಿಡ್ಡ ತೂತಿಗೆ ಹಾಕಿದ್ರೆ ತುದಿ ತಳಕ್ಕೆ ತಾಗಿ ನಿಲ್ತದೆ, ತಲೆ ಕವರಿಗೆ ಕೂತಿರೂದಿಲ್ಲ, ನೀವು ಇನ್ನೂ ಟೈಟ್ ಆಗ್ಲಿಲ್ಲ ಅಂತ ತಿರುಗಿಸ್ತೀರಿ, ಕೇಸಿಂಗ್ ಸೀಳ್ತದೆ. ಗಿಡ್ಡದ್ದನ್ನ ಉದ್ದದ ಜಾಗಕ್ಕೆ ಹಾಕಿದ್ರೆ ಎರಡೇ ತ್ರೆಡ್ ಹಿಡಿದಿರ್ತದೆ, ಅದೂ ಕಿತ್ತು ಬರ್ತದೆ. ನಿಮ್ಮ ಬೋಲ್ಟಿನ ತಲೆ ಹಾರೂಕೆ ಉಪ್ಪು ಅರ್ಧ ಕಾರಣ ಆದ್ರೆ ಇನ್ನರ್ಧ ಈ ಮುಂಚೆ ಯಾರೋ ಬೋಲ್ಟ್ ತಿರುಗಿಸೂ ಏರ್ ಗನ್ನಲ್ಲಿ ಟರ್ ಅಂತ ಬಿಗಿದದ್ದು ಆಗಿರ್ಲಿಕ್ಕೂ ಸಾಕು. ಎಂ6 ಬೋಲ್ಟಿಗೆ ಅಲ್ಯೂಮಿನಿಯಂನಲ್ಲಿ 10 ನ್ಯೂಟನ್ ಮೀಟರ್ ಸಾಕು, ಅಂದ್ರೆ 10 ಸೆಂಟಿಮೀಟರ್ ಉದ್ದದ ಪಾನಾದ ತುದಿಗೆ 10 ಕೆಜಿ ಭಾರ ಹಾಕಿದಷ್ಟು. ಗ್ರೀಸ್ ಹಚ್ಚಿದ ತ್ರೆಡ್ಡಿಗೆ ಅದಕ್ಕಿಂತ ಕಾಲು ಪಾಲು ಕಡಿಮೆ, ಯಾಕಂದ್ರೆ ಜಾರ್ತದೆ, ಅದೇ ಜೋರಿಗೆ ಬೋಲ್ಟು ಹೆಚ್ಚು ಎಳೆದುಕೊಳ್ತದೆ. ಮೊದ್ಲು ಎಲ್ಲಾ ಬೋಲ್ಟನ್ನ ಕೈಬೆರಳಲ್ಲೇ ನಾಲ್ಕೈದು ಸುತ್ತು ಹಾಕಿ, ಕೈಯಲ್ಲಿ ಹೋಗದ ಬೋಲ್ಟಿಗೆ ಪಾನಾ ಹಾಕ್ಲೇಬೇಡಿ, ಆಮೇಲೆ ಎದುರು ಬದುರು ಸ್ವಲ್ಪ ಸ್ವಲ್ಪವೇ ಬಿಗೀರಿ. ಕಿಕ್ ಶಾಫ್ಟಿನ ಹಲ್ಲಿಗೆ ಗ್ರೀಸ್ ಹಚ್ಚಿ ಕವರ್ ತೂರಿಸಿ, ಇಲ್ದಿದ್ರೆ ಸೀಲಿನ ತುಟಿ ಹರೀತದೆ.

ಮುಂದಕ್ಕೆ ಅಂತ ಕೇಳಿದ್ರೆ, ಮೇ ತಿಂಗಳಲ್ಲಿ ಮಳೆ ಹಿಡಿಯೂ ಮೊದ್ಲು ಒಂದು ಭಾನುವಾರ ಇಟ್ಕೊಳ್ಳಿ. ಹಿಡ್ಕೊಳ್ಳೂ ಬೋಲ್ಟು ಯಾವುದು ಅಂತ ಈಗ ಗೊತ್ತಲ್ಲ, ಸೈಲೆನ್ಸರಿನ ಸ್ಟಡ್ಡು, ಎರಡೂ ಎಕ್ಸೆಲ್ಲು, ಚೈನ್ ಅಡ್ಜಸ್ಟರು, ಫುಟ್‌ರೆಸ್ಟು, ಕನ್ನಡಿ. ಒಂದೊಂದಾಗಿ ಬಿಚ್ಚಿ ಬ್ರಷ್ ಹಾಕಿ, ಗ್ರೀಸ್ ಹಚ್ಚಿ, ಮತ್ತೆ ಹಾಕಿ, ಒಂದೇ ಸಲ ಎಲ್ಲಾ ಬಿಚ್ಚೂದು ಬೇಡ. ಸೈಲೆನ್ಸರ್ ಸ್ಟಡ್ಡಿಗೆ ಮಾಮೂಲಿ ಗ್ರೀಸ್ ಸುಟ್ಟು ಹೋಗ್ತದೆ, ಅಲ್ಲಿಗೆ ತಾಮ್ರದ ಆಂಟಿ ಸೀಜ್. ಯಮಹಾ ಇರೂವವ್ರು ಬಲಗಡೆ ಕನ್ನಡಿ ಬಿಚ್ಚೂವಾಗ ನೋಡ್ಕೊಳ್ಳಿ, ಅದ್ರ ತ್ರೆಡ್ ಉಲ್ಟಾ ಇರ್ತದೆ, ನೆಟ್ಟಗೆ ಬಿಚ್ತಾ ಇದ್ದೆ ಅಂತ ಟೈಟ್ ಮಾಡಿ ಮುರಿದವ್ರು ಬೇಕಾದಷ್ಟು ಜನ. ಮತ್ತೆ ಗಾಡಿ ತೊಳೆಯೂ ನೀರು ಯಾವುದು? ನಿಮ್ಮ ಕಡೆ ಬೇಸಿಗೆಯಲ್ಲಿ ಬಾವಿ ನೀರು ಸವಳು ಆಗ್ತದಾದ್ರೆ ಆ ನೀರಲ್ಲಿ ದಿನಾ ಗಾಡಿ ತೊಳೆಯೂದೂ ಒಂದೇ, ದಿನಾ ಉಪ್ಪು ಹಚ್ಚೂದೂ ಒಂದೇ, ಕಡೆಗೊಂದು ಬಕೆಟ್ ಸಿಹಿನೀರಾದ್ರೂ ಸುರೀರಿ.

ಈಗ ಅಂಗಡಿಗೆ ಹೋಗೂವಾಗ ಚೀಟಿಯಲ್ಲಿ ಬರ್ಕೊಳ್ಳಿ: ಕ್ಲಚ್ ಕವರ್ ಗ್ಯಾಸ್ಕೆಟ್ ಎರಡು, ಒಂದು ಕೂರಿಸೂವಾಗ ಹರೀತದೆ, ಡ್ರೇನ್ ವಾಷರ್ ಎರಡು, ಎಂ6 ಬೋಲ್ಟು ಹಳೇದ್ರ ಉದ್ದ ನೋಡಿ ಅಷ್ಟೇ ಉದ್ದದ್ದು, ಆರು ಮೂಲೆಯ ಎಂಟು ನಂಬರ್ ಸಾಕೆಟ್. ಕವರ್ ತೆಗೆದ್ಮೇಲೆ ತುಂಡು ಎಲ್ಲಿ ಮುರಿದಿದೆ ಅಂತ ಫೋಟೋ ತೆಗೆದು ಕಳ್ಸಿ, ಅದನ್ನ ನೋಡದೇ ಡ್ರಿಲ್ ಮಾತ್ರ ಹಿಡೀಬೇಡಿ.